ಅವ್ವನ ಒಣಮೀನು ಸಾರಿಗೆ ಬೋರ್ಡು ಯಾಕಿಲ್ಲ?

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹರೂಪ)



ಭೂಮಿಯ ಬಗ್ಗೆ ನಾವು ಮಾತಾಡಿದ್ದೀವಿ. ಮೀಸಲಾತಿ ಬಗ್ಗೆ ಮಾತಾಡಿದ್ದೀವಿ. ಸ್ಕಾಲರ್‌ಶಿಪ್ ತಡವಾದಾಗ ಕಚೇರಿ ಮುಂದೆ ಕೂತು ಘೋಷಣೆ ಕೂಗಿದ್ದೀವಿ. ಇವತ್ತು ಊಟದ ಬಗ್ಗೆ ಮಾತಾಡೋಣ. ಊಟದ ಬಗ್ಗೆ ಏನಪ್ಪಾ ಭಾಷಣ, ಉಂಡು ಕೈ ತೊಳೆಯೋ ವಿಷಯ ಅಲ್ವಾ ಅಂತ ಕೆಲವರಿಗೆ ಅನ್ನಿಸಬಹುದು. ಅಲ್ಲ. ಈ ದೇಶದಲ್ಲಿ ಯಾರ ಜೊತೆ ಕೂತು ಉಣ್ಣಬೇಕು, ಯಾರು ಮುಟ್ಟಿದ್ದನ್ನು ಉಣ್ಣಬಾರದು, ಏನು ಉಂಡವನು ಮೇಲು, ಏನು ಉಂಡವನು ಕೀಳು ಅನ್ನೋದರ ಮೇಲೇ ಜಾತಿ ನಿಂತಿದೆ. ತಟ್ಟೆ ಬಿಟ್ಟು ಜಾತಿಯ ವಿಚಾರ ಮಾತಾಡಿದರೆ ಅರ್ಧ ಮಾತಾಡಿದ ಹಾಗೆ.

ಒಂದು ಪ್ರಶ್ನೆ ಕೇಳ್ತೀವಿ, ಎದೆ ಮುಟ್ಟಿಕೊಂಡು ಉತ್ತರ ಕೊಡಿ. ಹಬ್ಬಕ್ಕೆ ಊರಿಗೆ ಹೋಗಿ ವಾಪಸ್ ಬರುವಾಗ ನಮ್ಮ ಅವ್ವಂದಿರು ಗಂಟು ಕಟ್ಟಿಕೊಡ್ತಾರೆ. ರೊಟ್ಟಿ ಇರುತ್ತೆ, ಶೇಂಗಾ ಚಟ್ನಿಪುಡಿ ಇರುತ್ತೆ, ಉಪ್ಪಿನಕಾಯಿ ಇರುತ್ತೆ. ಹುರಿದ ಒಣಮೀನು ಯಾಕೆ ಇರೋದಿಲ್ಲ? ಸೀಗಡಿ ಚಟ್ನಿ ಯಾಕೆ ಇರೋದಿಲ್ಲ? ಅವ್ವ ಕಟ್ಟೋಕೆ ಬಂದರೆ ನಾವೇ ಬೇಡ ಅಂತೀವಿ. ಬಸ್ಸಿನಲ್ಲಿ ವಾಸನೆ ಬರುತ್ತೆ, ರೂಮಿನಲ್ಲಿ ಯಾರಾದರೂ ಏನಾದರೂ ಅಂತಾರೆ, ಕ್ಲಾಸಿನಲ್ಲಿ ಗೊತ್ತಾಗುತ್ತೆ. ಏನು ಗೊತ್ತಾಗುತ್ತೆ? ನಾವು ಯಾವ ಕೇರಿಯವರು ಅಂತ ಗೊತ್ತಾಗುತ್ತೆ. ಮೂಗಿನಿಂದ ಜಾತಿ ಹಿಡಿಯೋ ದೇಶ ಇದು. ಈ ನಾಚಿಕೆಯನ್ನು ನಮ್ಮೊಳಗೆ ಇಟ್ಟವರು ಯಾರು, ಇದನ್ನು ಕೀಳೋದು ಹೇಗೆ, ಇಷ್ಟೇ ಇವತ್ತಿನ ವಿಷಯ.

ಸ್ವಲ್ಪ ದೂರ ಹೋಗಿ ಬರೋಣ. ನಮ್ಮನ್ನು ಆಳಿದ ಇಂಗ್ಲಿಷರ ರಾಜಧಾನಿ ಲಂಡನ್. ಇಂಗ್ಲಿಷರು ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಟೈ ಕಟ್ಟಿದ ದೊರೆ, ಅವನ ಬಂಗಲೆ, ಅವನ ಬಟ್ಲರು. ಆದರೆ ಲಂಡನ್ನಿನ ಪೂರ್ವಕ್ಕೆ, ತೇಮ್ಸ್ ನದಿಯ ದಕ್ಷಿಣಕ್ಕೆ ಕೂಲಿಗಳ ಕೇರಿಗಳಿದ್ದವು. ಹಡಗಿನಿಂದ ಮೂಟೆ ಇಳಿಸೋರು, ಚರ್ಮ ಹದ ಮಾಡೋರು, ಬೆಂಕಿಕಡ್ಡಿ ಕಾರ್ಖಾನೆಯ ಹೆಂಗಸರು. ಹೌದು, ಅಲ್ಲಿಯೂ ಚರ್ಮದ ಕೆಲಸದವರ ಕೇರಿ ಇತ್ತು, ಬರ್ಮಂಡ್ಸಿ ಅಂತ ಅದರ ಹೆಸರು. ಈ ಜನ ಏನು ಉಣ್ಣುತ್ತಿದ್ದರು? ಅಗ್ಗಕ್ಕೆ ಸಿಕ್ಕಿದ್ದನ್ನು ಉಣ್ಣುತ್ತಿದ್ದರು.

ಅಗ್ಗಕ್ಕೆ ಸಿಗುತ್ತಿದ್ದದ್ದು ಹಾವುಮೀನು. ಹಾವಿನ ಹಾಗೆ ಉದ್ದ, ಜಾರೋ ಮೈ. ನೀರಿನಿಂದ ತೆಗೆದರೂ ಬೇಗ ಸಾಯೋದಿಲ್ಲ, ಆದ್ದರಿಂದ ಜೀವಂತವಾಗಿಯೇ ಪೇಟೆಗೆ ಬರುತ್ತಿತ್ತು. ಹಾಲೆಂಡಿನ ದೋಣಿಗಳು ತುಂಬಿ ತಂದು ಬಿಲಿಂಗ್ಸ್‌ಗೇಟ್ ಅನ್ನೋ ಮೀನುಪೇಟೆಯಲ್ಲಿ ಮಾರುತ್ತಿದ್ದವು. ಅದನ್ನು ತುಂಡು ಮಾಡಿ ಬೇಯಿಸಿ ಆರಲು ಬಿಟ್ಟರೆ ಅದರದೇ ಅಂಟು ಹೆಪ್ಪುಗಟ್ಟುತ್ತೆ. ನಮ್ಮ ಮನೆಯ ಕಾಲುಸೂಪು ಚಳಿಗಾಲದ ಬೆಳಗಿಗೆ ಪಾತ್ರೆಯಲ್ಲಿ ಹೆಪ್ಪುಗಟ್ಟಿರುತ್ತಲ್ಲ, ಹಾಗೇ. ಇನ್ನೊಂದು ಪೈ. ಪೈ ಅಂದರೆ ಕಣಕದೊಳಗೆ ಕೊಚ್ಚಿದ ಮಾಂಸ ತುಂಬಿ ಬೆಂಕಿಗೂಡಿನಲ್ಲಿ ಸುಟ್ಟ ಕಡುಬು ಅಂದುಕೊಳ್ಳಿ. ಅದರ ಪಕ್ಕಕ್ಕೆ ಬೇಯಿಸಿ ಹಿಸುಕಿದ ಆಲೂಗಡ್ಡೆ. ಮೇಲೆ ಒಂದು ಹಸಿರು ಸಾರು. ಅದಕ್ಕೆ ಲಿಕರ್ ಅಂತಾರೆ, ಆದರೆ ಅದು ಹೆಂಡ ಅಲ್ಲ. ಹಾವುಮೀನು ಬೆಂದ ನೀರನ್ನು ಚೆಲ್ಲದೆ, ಅದಕ್ಕೆ ಹಿಟ್ಟು ಕದಡಿ, ಕೊತ್ತಂಬರಿಯ ಹಾಗೆ ಕಾಣೋ ಒಂದು ಸೊಪ್ಪು ಹೆಚ್ಚಿ ಹಾಕಿದ್ದು. ಬೆಂದ ನೀರನ್ನೂ ಚೆಲ್ಲಬಾರದು ಅನ್ನೋದು ಬಡವರ ಲೆಕ್ಕ. ಬಸ್ಸಾರು ಮಾಡೋ ನಮ್ಮ ಅವ್ವನಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ.

1851ರಲ್ಲಿ ಹೆನ್ರಿ ಮೇಹ್ಯೂ ಅನ್ನೋ ಪತ್ರಕರ್ತ ಲಂಡನ್ನಿನ ಬೀದಿ ದುಡಿಮೆಗಾರರ ಬಗ್ಗೆ ದೊಡ್ಡ ಪುಸ್ತಕ ಬರೆದ. ಬಿಸಿ ಹಾವುಮೀನು, ಬಟಾಣಿ ಸಾರು ಮಾರೋರು, ಪೈ ಹೊತ್ತು ಮಾರೋರು, ಶಂಖದ ಹುಳು, ಚಿಪ್ಪಿನ ಮೀನು ಮಾರೋರು ಎಲ್ಲರನ್ನೂ ಮಾತಾಡಿಸಿ ಬರೆದುಕೊಂಡ. ಆಮೇಲೆ ಬೀದಿಯಲ್ಲಿದ್ದ ಈ ಊಟಕ್ಕೆ ಅಂಗಡಿಗಳು ಬಂದವು. ಅಂಗಡಿ ಅಂದರೆ ಹೇಗೆ? ಗೋಡೆಗೆ ಬಿಳಿ ಹೆಂಚು, ಅಮೃತಶಿಲೆಯ ಮೇಜು, ಉದ್ದನೆ ಮರದ ಬೆಂಚು, ನೆಲಕ್ಕೆ ಮರದ ಪುಡಿ. ಬೆಂಚಿನ ಮೇಲೆ ಒಬ್ಬರ ಭುಜಕ್ಕೆ ಒಬ್ಬರು ಭುಜ ತಾಗಿಸಿ ಕೂತು ಉಣ್ಣೋರು. ಮುಂಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಅಂಗಡಿಯವನ ಹೆಸರು. ಇಟಲಿಯಿಂದ ಬದುಕೋಕೆ ಬಂದ ಕುಟುಂಬದ ಮಿಕೇಲೆ ಮಾಂಜೆ ಅನ್ನೋನು 1902ರಲ್ಲಿ ಅದೇ ಚರ್ಮದವರ ಕೇರಿ ಬರ್ಮಂಡ್ಸಿಯ ಅಂಗಡಿಯೊಂದನ್ನು ವಹಿಸಿಕೊಂಡ. ಅದೇ ಮನೆತನದ ಹೆಸರಿನ ಇನ್ನೊಂದು ಅಂಗಡಿ 1929ರಲ್ಲಿ ವಾಲ್ತಮ್‌ಸ್ಟೋ ಅನ್ನೋ ಕಡೆ ಕಟ್ಟಿದ್ದು. 2013ರಲ್ಲಿ ಅಲ್ಲಿಯ ಸರ್ಕಾರ ಆ ಕಟ್ಟಡವನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿತು. ಯೋಚನೆ ಮಾಡಿ. ಅರಮನೆಗೆ, ಚರ್ಚಿಗೆ ಕೊಡೋ ಮರ್ಯಾದೆಯನ್ನು ಕೂಲಿಗಳು ಉಣ್ಣೋ ಅಂಗಡಿಗೂ ಕೊಟ್ಟರು.

ಹಾಗಂತ ಅಲ್ಲಿ ಎಲ್ಲ ಸಮಾನತೆ ಇತ್ತು ಅಂತ ತಿಳಿಯಬೇಡಿ. ಅಲ್ಲಿ ವರ್ಗ ಇತ್ತು, ಹಸಿವು ಇತ್ತು. ಕಾರ್ಖಾನೆ ಕೊಳೆ, ಊರ ಕೊಳೆ ಎಲ್ಲ ಸೇರಿ ತೇಮ್ಸ್ ಹೊಳೆ ಎಷ್ಟು ಕೆಟ್ಟಿತು ಅಂದರೆ 1957ರಲ್ಲಿ ಅದನ್ನು ಜೀವ ಇಲ್ಲದ ಹೊಳೆ ಅಂದರು. ಈಗ ಹಾವುಮೀನಿನ ಸಂತತಿಯೇ ಅಳಿವಿನ ಅಂಚಿಗೆ ಬಂದಿದೆ. ಪೈ ಅಂಗಡಿಗಳೂ ಒಂದೊಂದಾಗಿ ಮುಚ್ಚುತ್ತಿವೆ. ಆಲ್ಡ್‌ಗೇಟ್‌ನಲ್ಲಿ 1919ರಲ್ಲಿ ಶುರುವಾದ ಹೆಸರಾಂತ ಹಾವುಮೀನಿನ ಗಾಡಿಯೊಂದು 2013ರಲ್ಲಿ ನಿಂತುಹೋಯಿತು. ಕೂಲಿಗಳು ಊರ ಹೊರಗಿನ ಬಡಾವಣೆಗಳಿಗೆ ಹೋದರು, ಕೇರಿಯ ಮನೆಗಳು ದುಬಾರಿಯಾದವು. ಅದು ಅವರ ಕಷ್ಟ. ಆದರೆ ಒಂದು ಮಾತು ನೆನಪಿಡಿ. ಆ ಅಂಗಡಿಯ ಬೆಂಚಿನಲ್ಲಿ ಕೂತು ಹಾವುಮೀನು ತಿಂದ ಕೂಲಿಯನ್ನು ಬಡವ ಅಂದರು, ಒರಟ ಅಂದರು. ಅವನು ಮುಟ್ಟಿದ ತಟ್ಟೆಯನ್ನು ಯಾರೂ ಗಂಜಲ ಹಾಕಿ ತೊಳೆಯಲಿಲ್ಲ.

ಈಗ ನಮ್ಮ ಜಿಲ್ಲೆಗೆ ಬರೋಣ.

ನಮ್ಮದು ಸಮುದ್ರ ಇಲ್ಲದ, ಮಳೆ ಕಡಿಮೆಯ ಜಿಲ್ಲೆ. ರಾಗಿ, ಜೋಳ, ನವಣೆ, ಸಾವೆ, ಶೇಂಗಾ ಬೆಳೆಯೋ ಒಣ ನೆಲ. ಆದರೂ ನಮ್ಮ ಕೇರಿಗಳಲ್ಲಿ ಸಮುದ್ರದ ಮೀನಿನ ರುಚಿ ಗೊತ್ತಿಲ್ಲದ ಮನೆ ಯಾವುದಿದೆ? ಅದು ಬಂದದ್ದು ಒಣಮೀನಾಗಿ. ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರದ ಕಡಲ ದಂಡೆಯಲ್ಲಿ ಮೊಗವೀರ, ಖಾರ್ವಿ ಹೆಣ್ಣುಮಕ್ಕಳು ಮೀನು ಸೀಳಿ, ಉಪ್ಪು ಹಚ್ಚಿ, ಬಿಸಿಲಿಗೆ ಹರಡಿ ಒಣಗಿಸಿದ್ದು ಘಟ್ಟ ಹತ್ತಿ ನಮ್ಮ ಸಂತೆಗೆ ಬರುತ್ತೆ. ಬಂಗಡೆ ಬರುತ್ತೆ, ಸೀಗಡಿ ಬರುತ್ತೆ, ಬೆರಳುದ್ದದ ಸಣ್ಣ ಮೀನು ಬರುತ್ತೆ. ಸಂತೆಯ ಕಟ್ಟಕಡೆಗೆ, ಗೋಣಿತಾಟಿನ ಮೇಲೆ ರಾಶಿ. ಅಲ್ಲಿ ಯಾರು ಚೌಕಾಸಿ ಮಾಡ್ತಾ ನಿಂತಿರ್ತಾರೆ ನೋಡಿ. ದಿನಗೂಲಿಯ ಹೆಂಗಸರು. ಕಡಲ ದಂಡೆಯ ದುಡಿಯೋ ಹೆಂಗಸು ಒಣಗಿಸಿದ್ದನ್ನು ಬಯಲುಸೀಮೆಯ ದುಡಿಯೋ ಹೆಂಗಸು ಕೊಳ್ಳುತ್ತಾಳೆ. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡಿಲ್ಲ.

ಯಾಕೆ ಒಣಮೀನು? ಅಗ್ಗ ಅನ್ನೋದು ಒಂದು ಕಾರಣ ಅಷ್ಟೇ. ಗುಡಿಸಲಲ್ಲಿ ಫ್ರಿಜ್ ಇಲ್ಲ, ಇದು ತಿಂಗಳುಗಟ್ಟಲೆ ಕೆಡೋದಿಲ್ಲ. ಬಿಸಿಲಲ್ಲಿ ಬೆವರು ಸುರಿಸಿದ ಮೈಗೆ ಉಪ್ಪು ಬೇಕು, ಇದರಲ್ಲಿ ಉಪ್ಪು ಇದೆ. ಆರು ಜನದ ಮನೆಗೆ ಒಂದು ಹಿಡಿ ಮೀನು ಸಾಕು, ಇಡೀ ಮಡಕೆ ಸಾರಿಗೆ ರುಚಿ ಬರುತ್ತೆ. ಮುಳ್ಳು ಸಮೇತ ಅಗಿದು ತಿನ್ನೋ ಸಣ್ಣ ಮೀನಿನಲ್ಲಿ ಮೂಳೆ ಗಟ್ಟಿ ಮಾಡೋ ಸುಣ್ಣದ ಅಂಶ ಇದೆ. ರಾಗಿಯಲ್ಲಿ ಅದು ಅಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು. ಮುದ್ದೆ ಮತ್ತು ಒಣಮೀನು ಸಾರು ಅಂದರೆ ಡಾಕ್ಟರು ಚೀಟಿ ಬರೆದುಕೊಟ್ಟ ಹಾಗಿರೋ ಊಟ. ಅದನ್ನು ನಮ್ಮ ಅವ್ವ ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ.

ಮಾಡೋ ಕ್ರಮ ಕೂಡ ವಿದ್ಯೆಯೇ. ಮೊದಲು ಬರೀ ಬಾಣಲೆಯಲ್ಲಿ ಇಲ್ಲಾ ಕೆಂಡದ ಮೇಲೆ ಹದವಾಗಿ ಹುರಿಯಬೇಕು, ಹಸಿ ವಾಸನೆ ಹೋಗುತ್ತೆ. ಆಮೇಲೆ ಬಿಸಿನೀರಲ್ಲಿ ನೆನೆಸಿ ತಲೆ, ಹೊಟ್ಟೆ ತೆಗೆದು ಎರಡು ಮೂರು ನೀರಲ್ಲಿ ತೊಳೀಬೇಕು, ಹೆಚ್ಚಿನ ಉಪ್ಪು, ಮರಳು ಹೋಗುತ್ತೆ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಅರೆದ ಖಾರ, ಹುಣಸೆಹುಳಿ, ಜೊತೆಗೆ ಬದನೆಕಾಯಿ. ಬದನೆಕಾಯಿ ಯಾಕೆ? ಅದು ಉಪ್ಪನ್ನು ಎಳೆದುಕೊಳ್ಳುತ್ತೆ, ಮೀನಿನ ರುಚಿಯನ್ನೂ ಎಳೆದುಕೊಳ್ಳುತ್ತೆ, ಒಂದು ಹಿಡಿ ಮೀನು ಎರಡು ಹಿಡಿ ಆದ ಹಾಗೆ ಆಗುತ್ತೆ. ಉಪ್ಪನ್ನು ಕೊನೆಗೆ ರುಚಿ ನೋಡಿಯೇ ಹಾಕಬೇಕು. ಅವರೆಕಾಳಿನ ಕಾಲದಲ್ಲಿ ಅವರೆಕಾಳು. ಬೋಟಿ ಶುದ್ಧ ಮಾಡೋದು ನೋಡಿದ್ದೀರಾ? ಕುರಿಯ ಕರುಳನ್ನು ಒಳಗು ಹೊರಗು ಮಾಡಿ, ಬಿಸಿನೀರಿಗೆ ಅದ್ದಿ ಕೆರೆದು, ಸುಣ್ಣ, ಅರಿಶಿನ ಹಾಕಿ ತಿಕ್ಕಿ, ಬೆಳ್ಳಗೆ ಆಗೋವರೆಗೆ ಒಂದು ಹೊತ್ತಿನ ಕೆಲಸ. ಉಳ್ಳವರು ತೊಡೆಮಾಂಸ ಒಯ್ದರು. ತಲೆ, ಕಾಲು, ಕರುಳು, ರಕ್ತ ನಮಗೆ ಉಳಿಯಿತು. ಆ ಉಳಿದದ್ದರಿಂದಲೇ ನಮ್ಮ ಹೆಂಗಸರು ಬಾಯಲ್ಲಿ ನೀರೂರೋ ಅಡುಗೆ ಕಟ್ಟಿದರು. ಲಂಡನ್ನಿನ ಕೂಲಿ ಹಾವುಮೀನು ಬೆಂದ ನೀರಿನಿಂದ ಸಾರು ಮಾಡಿದ್ದೂ ಇದೇ ಬುದ್ಧಿಯಿಂದ.

ಬುದ್ಧಿ ಒಂದೇ. ಸಿಕ್ಕ ಮರ್ಯಾದೆ ಬೇರೆ. ಯಾಕೆ?

ನಮ್ಮ ಪೇಟೆಬೀದಿಯಲ್ಲಿ, ಹೆದ್ದಾರಿಯಲ್ಲಿ ಬೋರ್ಡುಗಳನ್ನು ಓದ್ತಾ ಹೋಗಿ. ಬ್ರಾಹ್ಮಣರ ಫಲಾಹಾರ ಮಂದಿರ ಅಂತ ಬೋರ್ಡು ಇದ್ದ ಕಾಲ ಒಂದಿತ್ತು. ಲಿಂಗಾಯತ ಖಾನಾವಳಿ ಅಂತ ಬೋರ್ಡು ಉಂಟು. ಮಾಂಸದ ಊಟ ಸಿಗೋ ಕಡೆಗೆ ಹಿಂದೂ ಮಿಲಿಟರಿ ಹೋಟೆಲ್ ಅಂತ ಬೋರ್ಡು. ಆ ಹಿಂದೂ ಅನ್ನೋ ಪದ ಅಲ್ಲಿ ಯಾಕೆ ಕೂತಿದೆ? ಇಲ್ಲಿ ದನದ ಮಾಂಸ ಇಲ್ಲ, ಮಾಡೋರು ಮುಟ್ಟಿಸಿಕೊಳ್ಳಬಹುದಾದ ಜಾತಿಯವರು ಅಂತ ಗಿರಾಕಿಗೆ ಧೈರ್ಯ ಹೇಳೋಕೆ ಕೂತಿದೆ. ಬೋಟಿ, ತಲೆಮಾಂಸ, ಕಾಲುಸೂಪು ಅಲ್ಲೂ ಮಾರ್ತಾರೆ. ಅಂದರೆ ಅಡುಗೆ ಮೈಲಿಗೆ ಆಗಲಿಲ್ಲ, ಅಡುಗೆ ಮಾಡೋ ಕೈ ಮೈಲಿಗೆ ಆಯಿತು. ಹೊಲಗೇರಿಯ, ಮಾದಿಗರ ಹಟ್ಟಿಯ ಹೆಣ್ಣುಮಗಳು ತನ್ನ ಹೆಸರು ಹಾಕಿ, ತನ್ನ ಕೇರಿ ಹೇಳಿ, ಊರ ನಡುವೆ ಒಂದು ಊಟದ ಅಂಗಡಿ ತೆಗೆದು ನಾಲ್ಕು ಜಾತಿ ಬಂದು ಉಣ್ಣೋದನ್ನು ನಮ್ಮ ತಾಲ್ಲೂಕುಗಳಲ್ಲಿ ಎಷ್ಟು ಕಡೆ ಕಂಡಿದ್ದೀರಿ? ಲಂಡನ್ನಿನಲ್ಲಿ ಇಟಲಿಯಿಂದ ಬಂದ ಪರದೇಶಿ ತನ್ನ ಹೆಸರು ಬಾಗಿಲ ಮೇಲೆ ಬರೆಸಬಹುದಿತ್ತು. ನಮ್ಮ ಅವ್ವ ಹುಟ್ಟಿದ ಊರಲ್ಲೇ ಬರೆಸೋಕೆ ಆಗೋದಿಲ್ಲ. ಬಡತನ ಒಂದೇ ಆಗಿದ್ದರೆ ದುಡ್ಡು ಬಂದಾಗ ಹೋಗುತ್ತಿತ್ತು. ಇದು ಬಡತನದ ಮೇಲೆ ಹೇರಿದ ಜಾತಿ.

ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟದ್ದೂ ಇದೇ ಕಾರಣಕ್ಕೆ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಕೆರೆ, ಬಾವಿ ಯಾವುದರಲ್ಲೂ ಜಾತಿ ನೆಪದಲ್ಲಿ ತಡೆಯುವ ಹಾಗಿಲ್ಲ ಅನ್ನುತ್ತೆ. 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸುತ್ತೆ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು, 1976ರಲ್ಲಿ ಅದು ಬಿಗಿಯಾಗಿ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಆಯಿತು. 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. ಲಾ ಓದೋ ಗೆಳೆಯರು ಆ ಕಾಯ್ದೆಯ 3ನೇ ಕಲಂ ತೆಗೆದು ನೋಡಿ. ಅಪರಾಧಗಳ ಪಟ್ಟಿಯಲ್ಲಿ ಮೊಟ್ಟಮೊದಲನೆಯದು ಯಾವುದು ಗೊತ್ತಾ? ದಲಿತರಿಗೆ, ಆದಿವಾಸಿಗಳಿಗೆ ತಿನ್ನಬಾರದ, ಕುಡಿಯಬಾರದ ಹೊಲಸನ್ನು ಬಲವಂತವಾಗಿ ತಿನ್ನಿಸೋದು, ಕುಡಿಸೋದು. ಕಾನೂನು ಬರೆದವರಿಗೂ ಮೊದಲು ನೆನಪಾದದ್ದು ನಮ್ಮ ಬಾಯಿ. ಈ ದೇಶ ನಮ್ಮ ಬಾಯಿಗೆ ಏನೇನು ತುರುಕಿದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಇಲ್ಲಿ ಒಂದು ಗೆರೆ ಎಳೆಯಬೇಕು. ನಮ್ಮ ಊಟ ಎಲ್ಲ ಒಳ್ಳೆಯದು, ಹಿಂದಿನದೆಲ್ಲ ಹೊಗಳೋಣ ಅಂತ ನಾವು ಹೇಳ್ತಿಲ್ಲ. 1927ರ ಮಾರ್ಚಿಯಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಚೌದಾರ್ ಕೆರೆಯ ನೀರು ಮುಟ್ಟಿದರು. ಅದೇ ಸಮ್ಮೇಳನದಲ್ಲಿ ಸತ್ತ ದನದ ಮಾಂಸ ಬಿಡಿ ಅಂತಲೂ ಜನಕ್ಕೆ ಹೇಳಿದರು. ಯಾಕೆ ಹೇಳಿದರು? ಮಾಂಸ ತಿನ್ನೋದು ಪಾಪ ಅಂತ ಅಲ್ಲ. ಸತ್ತ ದನ ಹೊರೋದು ಬಿಟ್ಟಿಚಾಕರಿ, ಅದರ ಮಾಂಸ ಆ ಚಾಕರಿಗೆ ಎಸೆದ ಕೂಲಿ. ಹಬ್ಬದ ದಿನ ಗೌಡರ ಮನೆ ಹಿತ್ತಲಲ್ಲಿ ನಿಂತು ಬೇಡೋ ಎಂಜಲು ಅನ್ನವೂ ಅಷ್ಟೇ. ಅದು ಊಟ ಅಲ್ಲ, ಹಗ್ಗ. 1948ರಲ್ಲಿ ಅಸ್ಪೃಶ್ಯರು ಯಾರು ಅಂತ ಬರೆದ ಪುಸ್ತಕದಲ್ಲಿ ಅವರು ದನದ ಮಾಂಸಕ್ಕೂ ಅಸ್ಪೃಶ್ಯತೆಗೂ ಗಂಟು ಬಿದ್ದದ್ದು ಹೇಗೆ ಅಂತ ಶಾಸ್ತ್ರಗಳನ್ನೇ ಹಿಡಿದು ವಿಚಾರಿಸಿದರು. ಆದ್ದರಿಂದ ನಮ್ಮ ಲೆಕ್ಕ ಸ್ಪಷ್ಟ ಇರಲಿ. ದುಡಿದ ಕಾಸು ಕೊಟ್ಟು ಸಂತೆಯಲ್ಲಿ ಕೊಂಡ ಒಣಮೀನು, ಬೋಟಿ, ಬಾಡು ನಮ್ಮ ಊಟ, ಅದಕ್ಕೆ ನಾಚಬೇಕಾಗಿಲ್ಲ. ಇನ್ನೊಬ್ಬರು ನಮ್ಮನ್ನು ಕೀಳು ಮಾಡೋಕೆ ಎಸೆದದ್ದು ನಮ್ಮ ಊಟ ಅಲ್ಲ, ಅದನ್ನು ಬಿಡಬೇಕು. ಏನು ತಿಂದೆವು ಅನ್ನೋದು ಮುಖ್ಯ ಅಲ್ಲ. ತಲೆ ಎತ್ತಿ ತಿಂದೆವಾ, ತಲೆ ಬಗ್ಗಿಸಿ ತಿಂದೆವಾ, ಅದು ಮುಖ್ಯ.

ಬಾಬಾಸಾಹೇಬರೂ ನಿಮ್ಮ ಹಾಗೆ ಪರಸ್ಥಳದಲ್ಲಿ ಓದಿದ ಹುಡುಗನೇ. 1916ರಲ್ಲಿ ಲಂಡನ್ನಿಗೆ ಹೋದರು, ಸ್ಕಾಲರ್‌ಶಿಪ್ ಅವಧಿ ಮುಗಿದು 1917ರಲ್ಲಿ ವಾಪಸ್ ಬರಬೇಕಾಯಿತು, ಹಣ ಕೂಡಿಸಿಕೊಂಡು 1920ರಲ್ಲಿ ಮತ್ತೆ ಹೋದರು. ಬಾಡಿಗೆ ಕೋಣೆಯ ಮನೆಯಲ್ಲಿ ಬೆಳಿಗ್ಗೆ ಒಂದು ಚೂರು ಬ್ರೆಡ್ಡು, ಸಣ್ಣ ತುಂಡು ಮೀನು, ಒಂದು ಕಪ್ ಟೀ. ಹಗಲೆಲ್ಲ ಲೈಬ್ರರಿ. ರಾತ್ರಿ ಓದ್ತಾ ಓದ್ತಾ ಹಸಿವು ತಡೆಯದಿದ್ದಾಗ ಹಪ್ಪಳ ಸುಟ್ಟು ತಿನ್ನುತ್ತಿದ್ದರು ಅಂತ ಅವರ ಜೀವನಚರಿತ್ರೆ ಬರೆದವರು ಹೇಳ್ತಾರೆ. ಅವರು ಇದ್ದ ಕಿಂಗ್ ಹೆನ್ರಿ ರಸ್ತೆಯ ಹತ್ತನೇ ನಂಬರ್ ಮನೆಯನ್ನು 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡುಕೊಂಡಿತು. ಅರೆಹೊಟ್ಟೆಯಲ್ಲಿ ಓದಿದವನ ಕೈ ಆಮೇಲೆ ಸಂವಿಧಾನ ಬರೆಯಿತು ಅಂತ ನಾವು ಹೆಮ್ಮೆಯಿಂದ ಹೇಳ್ತೀವಿ, ಸರಿ. ಆದರೆ ಅವರು ಅರೆಹೊಟ್ಟೆ ಇದ್ದದ್ದು ನೀವೂ ಅರೆಹೊಟ್ಟೆ ಇರಲಿ ಅಂತ ಅಲ್ಲ.

ಮಾತಿಗೂ ಊಟಕ್ಕೂ ಸಂಬಂಧ ಇದೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಬೂಸಾ ಅಂದರೆ ದನಕ್ಕೆ ಇಡೋ ಮೇವು. ಅಷ್ಟಕ್ಕೆ ನಾಡೆಲ್ಲ ಗಲಾಟೆ, ದಲಿತ ವಿದ್ಯಾರ್ಥಿಗಳ ಮೇಲೆ ಏಟು, ಅವರ ಮಂತ್ರಿ ಪದವಿಯೂ ಹೋಯಿತು. ಆ ಏಟು ತಿಂದ ಹಾಸ್ಟೆಲ್ ಹುಡುಗರಿಂದಲೇ ಈ ಚಳವಳಿ ಮೈ ತಳೆಯಿತು. ಅದನ್ನು ಕಟ್ಟಿದ ಬಿ. ಕೃಷ್ಣಪ್ಪನವರು ಹರಿಹರದವರು. ಹರಿಹರ 1997ರವರೆಗೆ ನಮ್ಮ ಚಿತ್ರದುರ್ಗ ಜಿಲ್ಲೆಯೇ. ಅರ್ಧ ಶತಮಾನ ಕಳೆಯಿತು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಮಾರಾಟ ಮಳಿಗೆಗಳಿಗೆ ಮಾಡಿದ ನಿಯಮದಲ್ಲಿ ಮದ್ಯ, ತಂಬಾಕು, ಮಾಂಸಾಹಾರ ಮೂರನ್ನೂ ಒಂದೇ ಸಾಲಿನಲ್ಲಿ ನಿಷೇಧಿಸಿ ಬರೆದಿದ್ದರು. ಬಾಡೂಟದ ಊರು ಮಂಡ್ಯ. ನಮ್ಮ ಊಟ ಸಾರಾಯಿ ಬೀಡಿಗೆ ಸಮ ಆಯಿತಾ ಅಂತ ಜನ ಎದ್ದು ಕೇಳಿದರು, ಬಾಡೂಟ ಬೇಕು ಅಂತ ಹೋರಾಟ ಮಾಡಿದರು. ಸಾಹಿತ್ಯದಲ್ಲಿ ಯಾರ ಬದುಕು ಇರಬೇಕು ಅನ್ನೋ ಪ್ರಶ್ನೆ, ಸಮ್ಮೇಳನದ ಪಂಕ್ತಿಯಲ್ಲಿ ಯಾರ ಊಟ ಇರಬೇಕು ಅನ್ನೋ ಪ್ರಶ್ನೆ, ಎರಡೂ ಒಂದೇ.

ಇನ್ನು ಮೊಟ್ಟೆಯ ಕತೆ. 2021ರ ಡಿಸೆಂಬರಿನಲ್ಲಿ ರಾಜ್ಯದ ಕೆಲವು ಹಿಂದುಳಿದ ಜಿಲ್ಲೆಗಳ ಶಾಲೆಯ ಬಿಸಿಯೂಟದಲ್ಲಿ ಮಕ್ಕಳಿಗೆ ಮೊಟ್ಟೆ ಕೊಡೋಕೆ ಶುರು ಮಾಡಿದರು. ಕೆಲವು ಮಠಾಧೀಶರು ಬೀದಿಗಿಳಿದು ಬೇಡ ಅಂದರು. ಬೇಡದವರಿಗೆ ಬಾಳೆಹಣ್ಣು ಇತ್ತು, ಯಾರ ಬಾಯಿಗೂ ಯಾರೂ ಮೊಟ್ಟೆ ತುರುಕಲಿಲ್ಲ. ಆದರೂ ಬೇಡ. ಯಾರ ಮಕ್ಕಳಿಗೆ ಬೇಡ? ಮಕ್ಕಳು ತಿಂದರು, ಇನ್ನೂ ಬೇಕು ಅಂದರು, ಆಮೇಲೆ ಎಲ್ಲ ಜಿಲ್ಲೆಗೂ ಬಂತು. ಇತ್ತ 2020ರ ಕಾಯ್ದೆ 2021ರಲ್ಲಿ ಜಾರಿಗೆ ಬಂತು. 1964ರ ಕಾನೂನಿನಲ್ಲಿ ವಯಸ್ಸಾದ ಎತ್ತು, ಎಮ್ಮೆ, ಕೋಣಗಳಿಗೆ ಪರವಾನಗಿ ಇತ್ತು. ಹೊಸದರಲ್ಲಿ 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಉಳಿದ ಎಲ್ಲಕ್ಕೂ ತಡೆ, ತಪ್ಪಿದರೆ 3ರಿಂದ 7 ವರ್ಷ ಜೈಲು. ಕುರಿ ಮಾಂಸ ಕೊಳ್ಳಲಾರದ ಬಡವನ ಅಗ್ಗದ ಮಾಂಸಕ್ಕೆ ಪೊಲೀಸ್ ಭಯ ಹಚ್ಚಿದರು. ಮುದಿ ಎತ್ತನ್ನು ಸಾಕಲಾರದ ಸಣ್ಣ ರೈತನ ಗತಿ ಏನು ಅಂತ ಯಾರೂ ಕೇಳಲಿಲ್ಲ.

ಹುಷಾರಾಗಿರಬೇಕಾದ ಇನ್ನೊಂದು ಮಾತು. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಆಯ್ಸ್ಟರ್ ಅನ್ನೋ ಸಿಂಪಿ ಬಡವರ ಊಟ. ಬೀದಿಬದಿಯಲ್ಲಿ ರಾಶಿ ಹಾಕಿ ಮಾರುತ್ತಿದ್ದರು. ಸಿಂಪಿ ಕಡಿಮೆ ಆಯಿತು, ಬೆಲೆ ಏರಿತು, ಅದು ಸಾಹುಕಾರರ ತಟ್ಟೆಗೆ ಹೋಯಿತು. ನಮ್ಮ ರಾಗಿ, ಸಾವೆ, ನವಣೆಗೂ ಈಗ ಅದೇ ಆಗ್ತಿದೆ. ಹಿಟ್ಟು ತಿಂದೋರು ಅಂತ ನಮ್ಮನ್ನು ಆಡಿಕೊಂಡವರೇ ಸಿರಿಧಾನ್ಯ ಅಂತ ಹೊಸ ಹೆಸರಿಟ್ಟರು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿತು. ಹೊಸದುರ್ಗದ ಕಡೆ ಸಾವೆ ಬೆಳೆಯೋ ಕೂಲಿಯ ಮನೆಯಲ್ಲಿ ರೇಷನ್ ಅಕ್ಕಿ, ಬೆಂಗಳೂರಿನ ಅಂಗಡಿಯಲ್ಲಿ ಚೆಂದದ ಪ್ಯಾಕೆಟ್ಟಿನಲ್ಲಿ ಸಾವೆ. ಊಟಕ್ಕೆ ಮಾತ್ರ ಮರ್ಯಾದೆ ಬಂದು, ಉಂಡವರಿಗೆ ಬಾರದೆ ಹೋದರೆ ಅದು ನಮ್ಮ ಗೆಲುವಲ್ಲ.

ಮೀನಿನ ವಿಷಯವೂ ಹಾಗೇ. ಹಿರಿಯೂರಿನ ಹತ್ತಿರ ವೇದಾವತಿಗೆ ಕಟ್ಟಿದ ಮಾರಿಕಣಿವೆ ನಮ್ಮ ಕಣ್ಣಮುಂದಿದೆ. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಕಟ್ಟೆ. ವಾಣಿವಿಲಾಸ ಸಾಗರ ಅಂತ ರಾಣಿಯ ಹೆಸರು ಬಂತು. ಕಲ್ಲು ಹೊತ್ತವರ ಹೆಸರು ಎಲ್ಲೂ ಇಲ್ಲ. 1933ರಲ್ಲಿ ಕೋಡಿ ಬಿದ್ದದ್ದು, 89 ವರ್ಷ ಆದ ಮೇಲೆ 2022ರಲ್ಲಿ ಮತ್ತೆ ಬಿತ್ತು, 2025ರ ಜನವರಿಯಲ್ಲೂ ಬಿತ್ತು. ಜನ ಜಾತ್ರೆಯ ಹಾಗೆ ನೋಡೋಕೆ ಹೋದರು. ನೀರು ತುಂಬಿದರೆ ರೋಹು, ಕಾಟ್ಲಾ ತುಂಬುತ್ತವೆ. ಹಿರಿಯೂರಿನಿಂದ ಹೊಸದುರ್ಗ ತಾಲ್ಲೂಕಿನವರೆಗೆ ಹಿನ್ನೀರು ಹರಡಿದೆ. ಸಮುದ್ರ ಇಲ್ಲದ ಜಿಲ್ಲೆಗೆ ಅದೇ ಸಮುದ್ರ. ಕೆರೆ ಕಟ್ಟೆಗಳ ಮೀನಿನ ಹಕ್ಕು ಟೆಂಡರು, ಹರಾಜು, ಸಹಕಾರ ಸಂಘಗಳ ಕೈಯಲ್ಲಿ ಇರುತ್ತೆ. ನಿಮ್ಮೂರ ಕೆರೆಯ ಮೀನಿನ ಗುತ್ತಿಗೆ ಯಾರ ಹೆಸರಲ್ಲಿದೆ, ಸಂಘದಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ ಅಂತ ರಜೆಯಲ್ಲಿ ಊರಿಗೆ ಹೋದಾಗ ಪಂಚಾಯ್ತಿಯಲ್ಲಿ ಕೇಳಿ. ನೀರು ಮುಟ್ಟೋ ಹಕ್ಕಿಗೆ ಮಹಾಡಿನಲ್ಲಿ ಹೋರಾಡಿದೆವು. ನೀರೊಳಗಿನ ಮೀನಿನ ಹಕ್ಕನ್ನೂ ಕೇಳಬೇಕು.

ಹೊರಗಿನವರಿಗೆ ಬೈದು ಮನೆಗೆ ಹೋದರೆ ಸಾಲದು, ನಮ್ಮ ಒಳಗೂ ನೋಡಿಕೊಳ್ಳಬೇಕು. ಮೊದಲನೆಯದು, ಬಾಡಿನ ದಿನ ನಮ್ಮ ಮನೆಗಳಲ್ಲಿ ಗಂಡಸರಿಗೆ ತುಂಡು, ಹುಡುಗರಿಗೆ ತುಂಡು, ಮಾಡಿದ ಅವ್ವನಿಗೆ ಕೊನೆಗೆ ಬರೀ ಸಾರು. ಇದು ಯಾವ ಮನುಧರ್ಮ? ಎರಡನೆಯದು, ಕೇರಿ ಹಟ್ಟಿಗಳ ನಡುವೆ. ಹೊಲೆಯರ ಮನೆಯಲ್ಲಿ ಮಾದಿಗರು ಉಣ್ಣದೆ, ಮಾದಿಗರ ಮನೆಯಲ್ಲಿ ಹೊಲೆಯರು ಉಣ್ಣದೆ ಇರೋ ಊರುಗಳು ಇನ್ನೂ ಇವೆ. ಭೋವಿ, ಲಂಬಾಣಿ ಗೆಳೆಯರ ಜೊತೆ ಒಂದು ತಟ್ಟೆಯಲ್ಲಿ ಕೈ ಹಾಕದವರೂ ಇದ್ದಾರೆ. ನಮ್ಮ ನಮ್ಮಲ್ಲೇ ಲೋಟ ಬೇರೆ ಇಟ್ಟುಕೊಂಡು ಹೋಟೆಲಿನವನ ಲೋಟದ ಬಗ್ಗೆ ಭಾಷಣ ಮಾಡೋ ನೈತಿಕತೆ ನಮಗೆ ಎಲ್ಲಿಂದ ಬರುತ್ತೆ? ಒಂದೇ ಹಾಸ್ಟೆಲ್ಲಿನಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣೋ ನಿಮ್ಮಿಂದ ಈ ಗೋಡೆ ಬೀಳಬೇಕು.

ಕೋಟೆಯ ಓಬವ್ವನ ಕತೆ ನಮ್ಮ ಜಿಲ್ಲೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಕಾವಲಿನ ಗಂಡ ಊಟಕ್ಕೆ ಕೂತಿದ್ದ, ನೀರಿಗೆ ಹೋದ ಓಬವ್ವ ಕಿಂಡಿಯಲ್ಲಿ ನುಸುಳಿ ಬರೋ ಹೈದರಾಲಿಯ ಸೈನಿಕರನ್ನು ಕಂಡಳು ಅಂತ ಜನ ಹೇಳ್ತಾರೆ. ಅವಳು ಖಡ್ಗ ಹುಡುಕಲಿಲ್ಲ. ಕಾಳು ಕುಟ್ಟೋ ಒನಕೆ ಎತ್ತಿಕೊಂಡಳು. 2021ರಿಂದ ಸರ್ಕಾರ ನವೆಂಬರ್ 11ರಂದು ಅವಳ ಜಯಂತಿ ಮಾಡ್ತಿದೆ. ಹಾರ ಹಾಕೋರು ಹಾಕಲಿ. ನಾವು ತಿಳಿಯಬೇಕಾದದ್ದು ಇಷ್ಟು, ನಮ್ಮ ಹೆಂಗಸರ ಅಡುಗೆಮನೆಯ ಸಾಮಾನು ಬರೀ ಸಾಮಾನಲ್ಲ.

ಹಾಗಾದರೆ ನೀವು ಮಾಡಬೇಕಾದ್ದೇನು? ನಾಲ್ಕು ಕೆಲಸ ಹೇಳ್ತೀವಿ.

ಒಂದು, ನಿಮ್ಮ ಹಾಸ್ಟೆಲ್ಲಿನ ಊಟದ ಪಟ್ಟಿಯನ್ನು ಬರೆದುಕೊಳ್ಳಿ. ಪಟ್ಟಿಯಲ್ಲಿ ಎಷ್ಟು ಮೊಟ್ಟೆ, ಎಷ್ಟು ಮಾಂಸ, ಎಷ್ಟು ಬೇಳೆ ಅಂತ ಇದೆ, ತಟ್ಟೆಗೆ ಎಷ್ಟು ಬರ್ತಿದೆ ಅಂತ ಒಂದು ತಿಂಗಳು ಲೆಕ್ಕ ಇಡಿ. ಕಡಿಮೆ ಇದ್ದರೆ ಎಲ್ಲರೂ ಸಹಿ ಹಾಕಿ ಕೇಳಿ. ಅದು ಭಿಕ್ಷೆ ಅಲ್ಲ, ನಿಮ್ಮ ಅಪ್ಪ ಅವ್ವನ ಬೆವರಿನ ತೆರಿಗೆ. ತಿಂಗಳಿಗೊಮ್ಮೆ ಮೀನೂ ಬರಲಿ ಅಂತ ಕೇಳಿ. ಎರಡು, ಊರಿಗೆ ಹೋದಾಗ ಅವ್ವ, ಅಜ್ಜಿ ಮಾಡೋ ಒಂದೊಂದು ಅಡುಗೆಯನ್ನೂ ಅವರ ಮಾತಲ್ಲೇ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ. ಈ ಪತ್ರಿಕೆಯಲ್ಲಿ ಅಚ್ಚು ಹಾಕೋಣ. ಲಂಡನ್ನಿನ ಬೀದಿ ವ್ಯಾಪಾರಿಗಳ ಬದುಕನ್ನು 1851ರಲ್ಲೇ ಒಬ್ಬ ಬರೆದಿಟ್ಟ. ನಮ್ಮದನ್ನು ನಾವೇ ಬರೆಯಬೇಕು, ಬೇರೆ ಯಾರೂ ಬರೋದಿಲ್ಲ. ಮೂರು, ಕಟ್ಟಿಕೊಟ್ಟದ್ದನ್ನು ಹಂಚಿ ತಿನ್ನಿ. ಬೇಡ ಅನ್ನೋರಿಗೆ ಬಲವಂತ ಮಾಡಬೇಡಿ. ಸೊಪ್ಪು ತಿನ್ನೋ ಗೆಳೆಯನನ್ನು ಆಡಿಕೊಳ್ಳೋದು ನಮ್ಮ ಕೆಲಸ ಅಲ್ಲ. ಅವನ ತಟ್ಟೆ ಅವನದು, ನಮ್ಮ ತಟ್ಟೆ ನಮ್ಮದು, ಬೆಂಚು ಮಾತ್ರ ಒಂದೇ ಇರಲಿ. ನಾಲ್ಕು, ಓದು ಮುಗಿದ ಮೇಲೆ ಎಲ್ಲರಿಗೂ ಸರ್ಕಾರಿ ಕೆಲಸ ಸಿಗೋದಿಲ್ಲ. ನಿಮ್ಮಲ್ಲಿ ಒಬ್ಬರು ಇಬ್ಬರಾದರೂ ದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರವೋ, ಹೊಳಲ್ಕೆರೆಯ ಸಂತೆಯ ಹತ್ತಿರವೋ, ಹೆದ್ದಾರಿಯ ಪಕ್ಕದಲ್ಲೋ ಒಂದು ಊಟದ ಅಂಗಡಿ ತೆಗೆಯಿರಿ. ಮುದ್ದೆ, ಒಣಮೀನು ಸಾರು, ಬೋಟಿ ಗೊಜ್ಜು ಮಾಡಿ. ಬೋರ್ಡಿನ ಮೇಲೆ ಜಾತಿ ಬಚ್ಚಿಡೋ ಹೆಸರು ಬೇಡ, ದೇವರ ಹೆಸರೂ ಬೇಡ. ನಿಮ್ಮ ಅವ್ವನ ಹೆಸರು ಬರೆಸಿ. ಯಾರು ಬಂದು ಉಣ್ಣುತ್ತಾರೆ, ಯಾರು ಬೋರ್ಡು ಓದಿ ಹಿಂದೆ ಹೋಗ್ತಾರೆ ಅಂತ ನೋಡೋಣ. ಹಿಂದೆ ಹೋದವರ ಪಟ್ಟಿಯೇ ಆ ಊರ ಜಾತಿಯ ಲೆಕ್ಕಪತ್ರ. ಒಳಗೆ ಬಂದವರ ಜೊತೆ ಹೊಸ ಸಮಾಜ ಕಟ್ಟೋಣ.

ಹಾಗೊಂದು ಅಂಗಡಿ ತೆಗೆದ ದಿನ ಕಾಗದ ಹಾಕಿ. ಮೊದಲ ಪಂಕ್ತಿಗೆ ನಾವು ಬರ್ತೀವಿ, ಕಾಸು ಕೊಟ್ಟೇ ಉಣ್ತೀವಿ.

ಜೈ ಭೀಮ್.